ಯಾರ ಹಂಗೂ ಇಲ್ಲದ ಕಂಪ್ಯೂಟರ್

ಮೌನೇಶ್ವರಿ,

ಫೋನನ್ನೇ ಎತ್ತದ ನಿನಗೆ ಇದನ್ನು ಕಳಿಸುವುದಿಲ್ಲ. ಸಿಟ್ಟು ತಡೆಯಲಾರದೆ ಬರೆಯುತ್ತಿದ್ದೇನೆ.

ಇವತ್ತು ನಾವಿಬ್ಬರೂ ಸೇರಿ ತೆರೆದ ಶಹಾಪುರದ ಡಿಟಿಪಿ ಅಂಗಡಿಗೆ ಗಿರಾಕಿ ಭಾಗಣ್ಣ ಬಂದಿದ್ದರು. ಬೇರೆ ಕಡೆ ಮಾಡಿಸಿದ ಮಗಳ ಲಗ್ನಪತ್ರಿಕೆ ಪೆನ್‌ಡ್ರೈವ್‌ನಲ್ಲಿತ್ತು. ವಿಂಡೋಸ್ ಬದಲು ನೀನು ಹಟ ಹಿಡಿದು ಹಾಕಿದ ಲಿನಕ್ಸ್‌ನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ.

"ಪುಕ್ಕಟೆ ಸಿಕ್ಕಿದ್ದು ಹಿಂಗ ಇರ್ತದ ನೋಡವಾ," ಎಂದರು.

"ಪುಕ್ಕಟೆ ಅಲ್ರಿ, ಸ್ವತಂತ್ರ. ಇದರಾಗ ಯಾರ ಹಂಗೂ ಇಲ್ಲ," ಎಂದೆ. ನಿನ್ನದೇ ಮಾತು ನನ್ನ ಬಾಯಲ್ಲಿ ಬಂತು. ಅವರು ಎದುರಿನ ಅಂಗಡಿಗೆ ಹೋದರು.

ನನಗೆ ಅರ್ಧಂಬರ್ಧ ಕಲಿಸಿ, ನೀನು ಮದುವೆಯಾಗಿ ನಾರಾಯಣಪುರದಲ್ಲಿ ಗಂಡನ ಕ್ವಾರ್ಟರ್ಸ್ ಸೇರಿಬಿಟ್ಟೆ. ಕೆಟ್ಟರೆ ಯಾರನ್ನು ಕೇಳಲಿ? ಇದು ಸ್ವಾತಂತ್ರ್ಯವೇನೇ? ನಾನು ಇದ್ದದ್ದು ನಿನ್ನ ಹಂಗಿನಲ್ಲಿ.

ಸಿಟ್ಟಿನಲ್ಲೇ ರಿಪೇರಿಯ ಹಣಮೇಶನನ್ನು ಕರೆಸಿ, ಎಲ್ಲ ಅಳಿಸಿ ವಿಂಡೋಸ್ ಹಾಕು ಎಂದೆ. ಕಂಪ್ಯೂಟರ್ ಶುರುವಾದಾಗ ಪರದೆಯ ಮೇಲೆ ನಮ್ಮಿಬ್ಬರ ಹೆಸರು ಬಂದವು.

"ಈ ಮೌನೇಶ್ವರಿ ಅನ್ನೋರ ಫೈಲ್ ಏನರ ಬೇಕೇನ್ರಿ ಅಕ್ಕಾ?"

"ಏನೂ ಬ್ಯಾಡ. ಅಳಿಸು."

ಅವನು ಕೀಲಿಮಣೆಗೆ ಕೈ ಹಚ್ಚಿದ. ನನಗೆ ಏನಾಯಿತೋ, "ಅದನ್ನ ಮುಟ್ಟಬ್ಯಾಡ, ನಡಿ ಇಲ್ಲಿಂದ," ಎಂದು ರೇಗಿಬಿಟ್ಟೆ. ಪಾಪ, ಗಾಬರಿಯಾಗಿ ಚೀಲ ಎತ್ತಿಕೊಂಡು ಹೋದ.

ಆಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು, ಪರದೆಯ ಮೇಲಿನ ನಿನ್ನ ಹೆಸರನ್ನು ಬಾಯಿಗೆ ಬಂದಂತೆ ಬೈಯುತ್ತ ಕೂತೆ.

ಉಮಾಶ್ರೀ