ಟಿಕಲಿ ಬೀಳದ ಬಾಗಿಲುಗಳು

ಜನವರಿ ೧೯, ಸಂಜೆ

ಬನ್ನಿರಿ ಸಭಿಕರೇ, ಹಿಂದೆ ನಿಂತವರೂ ಮುಂದೆ ಬನ್ನಿರಿ! — ಹಲ್ಲಿಯೊಂದೇ ಬಂತು. ಸಾಕು. ನಾಟಕ ಕಂಪನಿ ಮುಚ್ಚಿತು, ಗಂಟಲು ಮುಚ್ಚಿಲ್ಲ. ತಲೆ ನರೆತ ಮೇಲೆ ಸಮಾಜಶಾಸ್ತ್ರದ ವಿದ್ಯಾರ್ಥಿ!

ಇವತ್ತೂ ನಮ್ಮ ಇಚಲಕರಂಜಿಯ ಮಗ್ಗದ ಗಲ್ಲಿಯಲ್ಲಿ ಸರ್ವೇ. ಮನೆಯ ಹೆಂಗಸು ದುಡಿಯಲು ಹೋಗುತ್ತಾಳೆಯೇ? ಹೋದಾಗ ಕೂಸು ಎಲ್ಲಿ? ಅಗತ್ಯ ಕಂಡರೆ ಬಾಲವಾಡಿ ಇಲ್ಲಿಗೆ. ಇಲ್ಲವಾದರೆ ಪಕ್ಕದ ವಾರ್ಡಿಗೆ.

ಬಾಗಿಲಲ್ಲಿ ನಿಂತು ಕೇಳಿದೆ. ಗಲ್ಲಿಯೇ ನೆರೆಯಿತು. ಒಬ್ಬಳು ಹೇಳಿದ್ದನ್ನೇ ಉಳಿದವರೆಲ್ಲ ಹೇಳಿದರು — ಮೇಳದವರ ಹಾಗೆ. ಮಗ್ಗದ ಶೆಡ್ಡಿನಲ್ಲಿ ಅದೇ ಗಲ್ಲಿಯ ಶೇವಂತಾ ಹರಿದ ಎಳೆಗೆ ಗಂಟು ಹಾಕುತ್ತಿದ್ದಳು. ಮಗುವಿನ ಸೊಂಟಕ್ಕೆ ಹಳೇ ಸೀರೆಯ ಚೂರು, ಅದರ ತುದಿ ಕಂಬಕ್ಕೆ. ಕೇಳಿದೆ. ಮಾಲಕನ ಕಡೆ ನೋಡಿ ಮತ್ತೆ ಎಳೆಗೆ ಬಾಗಿದಳು.

ಪಾಠ ಹೇಳುವ ಇನಾಮದಾರ ಮೇಡಂ ಫಾರಂ ನೋಡಿ ನಕ್ಕರು. "ಏನ್ರೀ ದತ್ತೋಬಾ, ಪ್ರಶ್ನೆ ಕೇಳಿದ್ರೋ, ನಾಂದಿ ಹಾಡಿದ್ರೋ? ಒಬ್ಬೊಬ್ಬರನ್ನ ಕೇಳ್ರಿ. ಆಮೇಲೆ ನಕ್ಷೆ ಮಾಡ್ರಿ. ನಕ್ಷೆ ಮಂದಿಗೆ ತೋರ್ಸಾಕಲ್ಲ, ಮೊದಲ ನೀವ ನೋಡಾಕ."

ಜನವರಿ ೨೦

ಹೆಂಡತಿ ವೈಜಯಂತಾ ಉಪಾಯ ಹೇಳಿದಳು. "ನಾಳೆ ನಮ್ಮನ್ಯಾಗ ಹಳದಿ-ಕುಂಕುಮ. ಗಲ್ಲಿ ಹೆಂಗಸ್ರೆಲ್ಲ ಬರ್ತಾರ. ತಿಳಗುಳ ಕೊಟ್ಟು ಒಬ್ಬೊಬ್ಬರನ್ನ ಪಡಸಾಲ್ಯಾಗ ಕೇಳ್ರಿ. ಒದರಬ್ಯಾಡ್ರಿ ಮತ್ತ."

"ಒದರುವುದೇ? ಇದು ಕಂಠ!"

"ಹೂಂ, ಅದs ಕಂಠಕ್ಕ ನಿನ್ನೆ ಬಾಜೂಮನಿ ಕೂಸು ಎದ್ದು ಅತ್ತೈತಿ."

ಜನವರಿ ೨೧

ಜಯಭೇರಿ! ಒಂದೇ ಮಧ್ಯಾಹ್ನದಲ್ಲಿ ಗಲ್ಲಿ ಮುಗಿಯಿತು. ಅರಿಸಿನ, ಕುಂಕುಮ, ನಗು… ಒಬ್ಬೊಬ್ಬರೂ ನೆಮ್ಮದಿಯಿಂದ ಹೇಳಿದರು. "ನಾವ್ಯಾಕ ಹೊರಗ ಹೋಗೂಣ್ರಿ? ಕೂಸು ನಮ್ಮ ಮಗ್ಗಲ್ದಾಗs ಇರ್ತೈತಿ." ಒಳಕೋಣೆಯಲ್ಲಿ ಆತ್ಯಾ ಎಳ್ಳು-ಬೆಲ್ಲ ಬೆರೆಸಿ ತಿಳಗುಳದ ಉಂಡೆ ಕಟ್ಟುತ್ತಿದ್ದರು. ಅಪ್ಪನ ತಂಗಿ. ಗಂಡ ತೀರಿದಂದಿನಿಂದ ನಮ್ಮಲ್ಲೇ. ನನ್ನನ್ನು ಸಾಕಿದವರು.

ಜನವರಿ ೨೪, ಮಧ್ಯಾಹ್ನ

ಗಲ್ಲಿಯ ನಕ್ಷೆ ಬರೆದೆ. ಪ್ರತಿ ಬಾಗಿಲಿಗೆ ಒಂದು ಚೌಕ. ಗುರುತಿಗೆ ವೈಜಯಂತಾ ಹಣೆಗೆ ಅಂಟಿಸುವ ಟಿಕಲಿ — ಮನೆಯಲ್ಲಿರುವವಳಿಗೆ ಕೆಂಪು, ದುಡಿಯಲು ಹೋಗುವವಳಿಗೆ ಕಪ್ಪು. ಅಂಟಿಸುತ್ತ ಹೋದೆ. ಆಹಾ! ಹಾಳೆಯ ಮೇಲೆ ಗಲ್ಲಿ ಎದ್ದು ನಿಂತಿತು. ಯಾವ ಪರದೆ ಮೇಲೆದ್ದಾಗಲೂ ಮೈ ಹೀಗೆ ಜುಮ್ಮೆಂದಿರಲಿಲ್ಲ.

ಅಂಟಿಸಿದ್ದೆಲ್ಲ ಕೆಂಪು. ಕಪ್ಪಿನ ಪಾಕೀಟು ಒಡೆದೇ ಇಲ್ಲ.

ಹಾಗಾದರೆ ಶೇವಂತಾ?

ಹುಡುಕಿದೆ. ಅವಳ ಚೌಕ ಖಾಲಿ. ಅದರಾಚೆ ಇನ್ನೊಂದು ಖಾಲಿ — ಕೊಂಡಾಬಾಯಿ, ಗಂಡ ಹೋದವಳು. ತಿರುವಿನಲ್ಲಿ ಮತ್ತೊಂದು, ಕೊನೆಗೆ ಜೋಡಿ… ಬಾಗಿಲು ಬಾಗಿಲು ಓದಿದೆ. ಎಲ್ಲವೂ ವಿಧವೆಯರ ಮನೆ. ಹಳದಿ-ಕುಂಕುಮಕ್ಕೆ ಅವರನ್ನು ಕರೆಯುವವರಾರು? ನಾನೇ ಕೂಡಿಸಿದ ಸಭೆ, ಕುಂಕುಮವೇ ಅದರ ಟಿಕೀಟು! ಗಂಡನಿಲ್ಲದೆ ಶೆಡ್ಡಿಗೆ ಹೋಗುವವರು, ಕೂಸು ಕಟ್ಟಿಹಾಕುವವರು, ಬಾಲವಾಡಿ ಬೇಕಾದವರು — ಅವರೇ ಹೊರಗೆ.

ಗೂಡಿನಲ್ಲಿ ಹಕ್ಕಿ ಇಲ್ಲ ಎಂದು ಗೂಡೇ ಹೇಳಿದ ಹಾಗೆ. ಬಿಳಿ ಹಾಳೆ ಮಾತಾಡಿತು, ಸಭಿಕರೇ.

ಅದೇ ದಿನ, ದೀಪ ಹಚ್ಚುವ ಹೊತ್ತು

ಆತ್ಯಾ ಚಹಾ ತಂದರು. ಶೆಡ್ಡಿನಿಂದ ಆಗಷ್ಟೇ ಬಂದಿದ್ದರು, ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತಿ. ಸೆರಗಿನ ತುಂಬ ಹತ್ತಿಯ ಧೂಳು.

"ಏನೋ ದತ್ತೂ, ಟಿಕಲಿ ಆಟ ಆಡಾಕತ್ತಿ?"

"ನಮ್ಮ ಗಲ್ಲಿ, ಆತ್ಯಾ."

ಬಗ್ಗಿ ನೋಡಿದರು. ಬೆರಳಿಟ್ಟರು. "ಇದು ನಮ್ಮನಿ, ಹೌದಲ್ಲ? ಒಂದs ಐತಿ."

"ವೈಜಯಂತಾಳದು."

"ಹೌದ್ಹೌದು. ಒಂದs ಇರ್ತೈತಿ." ನಕ್ಕರು. "ಚಹಾ ಆರ್ತೈತಿ ನೋಡು."

ದಿನಾ ದುಡಿಯಲು ಹೋಗುವವರು. ನನ್ನ ಹಾಳೆಯಲ್ಲಿ, ನನ್ನದೇ ಮನೆಯಲ್ಲಿ, ಇಲ್ಲ.

ನಾಡಿದ್ದು ಮೇಡಂ ನಕ್ಷೆಯನ್ನು ಜಾಗ ಗೊತ್ತುಮಾಡುವ ಸಮಿತಿಗೆ ಒಯ್ಯುತ್ತಾರೆ. ಈ ಕೆಂಪು ಹಾಳೆ ಹೋದರೆ ಬಾಲವಾಡಿ ಪಕ್ಕದ ವಾರ್ಡಿಗೆ, ಶೇವಂತಾಳ ಕೂಸು ಕಂಬಕ್ಕೇ. ಒಂದು ದಿನವಿದೆ.

ನಾಳೆ ಬೆಳಿಗ್ಗೆ ಕಪ್ಪು ಪಾಕೀಟು ಒಡೆಯುತ್ತೇನೆ. ಶೇವಂತಾಳನ್ನು ಶೆಡ್ಡಿನಲ್ಲಲ್ಲ, ಅವಳ ಬಾಗಿಲಲ್ಲೇ ಕಾಣುತ್ತೇನೆ, ಮೆಲುದನಿಯಲ್ಲಿ. ಆದರೆ ಮೊದಲ ಬಾಗಿಲು ನನ್ನದೇ. ಆತ್ಯಾ ಶೆಡ್ಡಿಗೆ ಹೊರಡುವ ಮುನ್ನ ಎದುರು ಕೂತು, ಫಾರಂ ತೆರೆದು, ಮೊದಲ ಪ್ರಶ್ನೆಯನ್ನೇ ಕೇಳುತ್ತೇನೆ — ಆತ್ಯಾ, ನಿಮ್ಮ ಪೂರ್ತಿ ಹೆಸರು…