ಆಟೋ ಮನೆ ದಾಟುವಷ್ಟರಲ್ಲಿ

ನಂಜನಗೂಡು
೯-೬-೨೦೦೪

ತಾಂಡವಪುರದ ಪುಟ್ಟಮಾದಯ್ಯನವರಿಗೆ, ಮೈಕ್ ಸಿದ್ದರಾಜುವಿನ ನಮಸ್ಕಾರ.

ಸಮಸ್ತ ನಾಗರಿಕರಲ್ಲಿ ಸವಿನಯ ಪ್ರಕಟಣೆ: ನನ್ನ ಪ್ರಚಾರದ ಆಟೋದ ಮೈಕು ಕೆಟ್ಟಿದೆ, ನಂಜನಗೂಡು ಬೆಳಗಿನಿಂದ ನೆಮ್ಮದಿಯಾಗಿದೆ. ಆದ್ದರಿಂದ ಕೂಗುವ ಬದಲು ಬರೆಯುತ್ತಿದ್ದೇನೆ.

ನಿಮ್ಮ ಮಗಳು ಬಿಂದುಶ್ರೀ ಕಾಲೇಜು ಮುಗಿಸಿ ಬಸ್ಸಿಗೆ ಕಾಯುವಾಗ ನನಗೆ ಜಾಹೀರಾತು ಬರೆದುಕೊಡುತ್ತಾಳೆ. ಮೊದಮೊದಲು ಎಷ್ಟು ಉದ್ದ ಬರೆಯುತ್ತಿದ್ದಳೆಂದರೆ, ಸೀರೆಯ ಬೆಲೆ ಒಂದು ಬೀದಿಗೆ ಕೇಳಿಸಿದರೆ ಅಂಗಡಿಯ ಹೆಸರು ಮುಂದಿನ ಬೀದಿಗೆ ಕೇಳಿಸುತ್ತಿತ್ತು. "ಆಟೋ ಒಂದು ಮನೆ ದಾಟೋದ್ರೊಳಗೆ ಮಾತು ಮುಗೀಬೇಕು ಕಣವ್ವಾ" ಎಂದೆ. ನನಗೆ ಗೊತ್ತಿರುವ ಸಾಹಿತ್ಯ ಅಷ್ಟೇ. ಅವಳು ಅಷ್ಟನ್ನೇ ಹಿಡಿದು ಕಥೆ ಬರೆದು ಮೈಸೂರಿನ ಕಥಾಶಿಬಿರಕ್ಕೆ ಆಯ್ಕೆಯಾಗಿದ್ದಾಳೆ.

ನೀವು ಕಳಿಸುವುದಿಲ್ಲವಂತೆ. "ಇವ್ಳು ಮನೆ ಇಸ್ಯ ಎಲ್ಲಾ ಬರ್ದು ನಮ್ ಮಾನ ಕಳೀತಾಳೆ" ಎಂದಿರಂತೆ. ಕಥೆಯನ್ನು ನಾನು ಓದಿದ್ದೇನೆ, ಸ್ವಾಮಿ. ಅದರಲ್ಲಿ ಒಬ್ಬ ಅಪ್ಪ, ಮಗಳು ಓದಲಿ ಎಂದು ಮನೆಯ ಟೀವಿ ಆರಿಸಿ, ಕ್ರಿಕೆಟ್ ಮ್ಯಾಚು ನೋಡಲು ಟೀ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಾನೆ. ಮಗಳಿಗೆ ಅದು ಗೊತ್ತೆಂದು ಅವನಿಗೆ ಗೊತ್ತಿಲ್ಲ.

ಶಿಬಿರ ಸೋಮವಾರ ಶುರು; ಅಂದು ಬೆಳಗಿನ ಮೈಸೂರು ಬಸ್ಸು ಬಹಳ ರಷ್ಷು. ದಯವಿಟ್ಟು ನಿಮ್ಮ ಹೆಗಲ ಟವೆಲನ್ನು ಕಿಟಕಿಯೊಳಗೆ ಎಸೆದು ಅವಳಿಗೊಂದು ಸೀಟು ಹಿಡಿದುಕೊಡಿ.

ಇಂತಿ,
ಸಿದ್ದರಾಜು