ಪೆಟ್ಟಿಗೆಯಲ್ಲಿ ಕೂತವರು

ಪಾಳಯಂಕೋಟೆ
19 ಜುಲೈ 2019, ಆಡಿ ತಿಂಗಳ ಮೊದಲ ಶುಕ್ರವಾರ

ಕಯಲ್‌ಳ ಅಪ್ಪನಿಗೆ,

ಕ್ಷೇಮ ಎಂದು ಬರೆಯುವ ಮನಸ್ಸಿಲ್ಲ. ಇವತ್ತು ನಿಮ್ಮಮ್ಮ ಪೆಟ್ಟಿಗೆ ತೆರೆದು, ಕನ್ನಿ ದೇವತೆಯರಿಗೆ ಹೊಸ ಲಂಗ ಇಟ್ಟು, ಸಿಹಿ ಪೊಂಗಲ್ ಬಡಿಸಿರುತ್ತಾರೆ. ಮದುವೆಗೆ ಮುಂಚೆ ಹೋದ ಹೆಣ್ಣುಮಗಳು ನಿಮ್ಮ ಮನೆಯಲ್ಲಿ ಸಾಯುವುದಿಲ್ಲವಲ್ಲ, ಪೆಟ್ಟಿಗೆಯಲ್ಲಿ ದೇವರಾಗಿ ಕೂರುತ್ತಾಳೆ. ಮೊದಲು ನಿಮ್ಮ ತಂಗಿ ಶೆಣ್ಬಗಂ ಒಬ್ಬಳೇ ಇದ್ದಳು. ಹೋದ ದೀಪಾವಳಿಯಿಂದ ನಮ್ಮ ಹಿರಿಯವಳು ಪೇಚ್ಚಿಯೂ ಅವಳ ಜೊತೆಗಿದ್ದಾಳೆ.

ಸೋಮವಾರ ಶಾಲೆಯ ಗಂಟೆ ಕಿವಿಯ ಪಕ್ಕದಲ್ಲೇ ಹೊಡೆದಾಗ ಕಯಲ್ ಕುಸಿದು ಬಿದ್ದಳು. ಮನೆಗೆ ಕರೆತಂದರೆ ನಿಮ್ಮಮ್ಮ, "ಅಕ್ಕ ಮೈಮೇಲೆ ಬಂದವ್ಳೆ, ಬೇವಿನಸೊಪ್ಪು ತನ್ನಿ" ಅಂದರು. ನೀವು ತರಲು ಹೊರಟಿರಿ. ನಾನು ಮಗುವನ್ನು ಕರೆದುಕೊಂಡು ತವರಿನ ಬಸ್ಸು ಹತ್ತಿದೆ.

ಇಲ್ಲಿಯ ಡಾಕ್ಟರಮ್ಮ ಚುಚ್ಚಲಿಲ್ಲ, ಕೊಯ್ಯಲಿಲ್ಲ. ಮಲಗಿಸಿ, ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಥಟ್ಟನೆ ಎಬ್ಬಿಸಿ ನಿಲ್ಲಿಸಿ ಇನ್ನೊಂದು ತೆಗೆದರು. ಕಾಗದದ ಗೆರೆಗಳನ್ನು ಸ್ಕೇಲಿಟ್ಟು ಅಳೆದು ಕೇಳಿದರು: "ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಇದ್ದಕ್ಕಿದ್ದಂಗೆ ತೀರ್ಕೊಂಡಿದ್ದಾರಾ?"

ಅದೇ ಪ್ರಶ್ನೆ. ಪೇಚ್ಚಿ ಮೊದಲ ಸಲ ಎಚ್ಚರ ತಪ್ಪಿದಾಗ ನಮ್ಮೂರ ಡಾಕ್ಟರೂ ಕೇಳಿದ್ದರು. "ನಮ್ಮನೇಲಿ ಯಾರೂ ಸತ್ತಿಲ್ಲ ಸಾರ್" ಅಂದಿರಿ ನೀವು, ಎದೆ ಸೆಟೆಸಿಕೊಂಡು. ದೇವರಾದವಳನ್ನು ಸತ್ತವಳು ಅನ್ನಲು ನಿಮಗೆ ಬಾಯಿ ಬರಲಿಲ್ಲ. "ಹಂಗಾದ್ರೆ ಇಸಿಜಿ ಬೇಡ ಬಿಡಿ, ಬೆಳೆಯೋ ಹುಡುಗಿ, ಉಪ್ಪುನೀರು ಕುಡಿಸಿ" ಅಂದರು ಡಾಕ್ಟರು. ಕುಡಿಸಿದೆವು. ದೀಪಾವಳಿಯ ಪಟಾಕಿ ಸದ್ದಿಗೆ ಬಿದ್ದವಳು ಏಳಲಿಲ್ಲ, ಥೇಟ್ ಶೆಣ್ಬಗಂ ಹೋದ ಹಾಗೆಯೇ.

ಈ ಸಲ ಹೇಳಿಬಿಟ್ಟೆ: "ಇಬ್ರು ಹೋಗಿದ್ದಾರಮ್ಮ." ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಒಂದು ಬಡಿತ ಆದ ಮೇಲೆ ಇನ್ನೊಂದಕ್ಕೆ ಸಜ್ಜಾಗಲು ಹೃದಯ ತಡಮಾಡುವ ಕಾಯಿಲೆಯಂತೆ, ರಕ್ತದಲ್ಲೇ ಬರುವುದಂತೆ. ಗಂಟೆ, ಅಲಾರಂ, ಪಟಾಕಿ ಹತ್ತಿರ ಸುಳಿಯಬಾರದು. ದಿನಾ ತಪ್ಪದೆ ಮಾತ್ರೆ ನುಂಗಿದರೆ ಕಯಲ್ ಬದುಕುತ್ತಾಳೆ, ಅಂದರು. ಒಂದು ಕಾಗದದ ಪಟ್ಟಿಯಲ್ಲಿ ಇಷ್ಟೆಲ್ಲ ಇತ್ತು. ಪೇಚ್ಚಿಗೆ ಅದೊಂದು ಕಾಗದ ಸಿಗಲಿಲ್ಲ.

ನಿಮಗೂ ಇಸಿಜಿ ತೆಗೆಯಬೇಕಂತೆ, ಬನ್ನಿ. ಕಯಲ್ ಮಾತ್ರ ಆ ಮನೆಗೆ ಬರುವುದಿಲ್ಲ. ನಿಮ್ಮ ಪೆಟ್ಟಿಗೆ ತುಂಬಿಸಲು ನಾನು ಹೆಣ್ಣು ಹೆತ್ತಿಲ್ಲ.

ವಡಿವು

ಬರೆಯಲು ಉಳಿದದ್ದು: ಮರೆತು ಉಳಿದದ್ದಲ್ಲ, ಕೈ ಬರಲಿಲ್ಲ. ಅವತ್ತು ನೀವು ಉಪ್ಪುನೀರಿನ ಪುಡಿ ತರಲು ಹೊರಗೆ ಹೋದಾಗ ನಮ್ಮೂರ ಡಾಕ್ಟರು ಮತ್ತೆ ನನ್ನನ್ನೂ ಕೇಳಿದರು: "ನೀವು ಹೇಳಿ ತಾಯಿ, ನಿಜವಾಗ್ಲೂ ಯಾರೂ ಇಲ್ವಾ?" ವಂಶದ ಕಾಯಿಲೆ ಎಂದು ಊರಿಗೆ ಗೊತ್ತಾದರೆ ಪೇಚ್ಚಿಯನ್ನು ಯಾರು ಮದುವೆಯಾಗುತ್ತಾರೆ ಎಂದುಕೊಂಡು, ನಾನೂ ಇಲ್ಲ ಅಂದೆ. ನಿಮಗೆ ಶೆಣ್ಬಗಂ ದೇವರು. ನನಗೆ ಅವಳು ಸತ್ತಿದ್ದಾಳೆಂದು ಚೆನ್ನಾಗಿ ಗೊತ್ತಿತ್ತು.